ಮನೇಲಿರೋ ಹಳೇ ಚಿತ್ರ, ವಿಗ್ರಹ, ಓಲೆಗರಿ ಎಷ್ಟು ಹಳೇದು ಅಂತ ಪರೀಕ್ಷೆ ಮಾಡಿಸೋದು ಹೇಗೆ

ನಮ್ಮ ಮೈಸೂರು ಮಂಡ್ಯ ಕಡೆ ಮನೆ ಪಾಲಾಗೋವಾಗ್ಲೋ ಅಟ್ಟ ಖಾಲಿ ಮಾಡೋವಾಗ್ಲೋ ಏನಾದ್ರೂ ಒಂದು ಹೊರಗೆ ಬಂದೇ ಬರುತ್ತೆ. ಚಿನ್ನದ ರೇಕು ಹಚ್ಚಿರೋ ರಾಮ ಪಟ್ಟಾಭಿಷೇಕದ ಚಿತ್ರ, ಹಿತ್ತಾಳೇದೋ ಪಂಚಲೋಹದ್ದೋ ಗೊತ್ತಾಗದ ವಿಗ್ರಹ, ಕೆಂಪು ಬಟ್ಟೇಲಿ ಸುತ್ತಿಟ್ಟ ಓಲೆಗರಿ ಕಟ್ಟು, ದಂತದ ಕುಸುರಿ ಇರೋ ಬೀಟೆ ಮರದ ಪೆಟ್ಟಿಗೆ. ಮನೇಲಿ ಒಬ್ರು "ಇದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು" ಅಂತಾರೆ, ಇನ್ನೊಬ್ರು "ಕಾರ್ಬನ್ ಡೇಟಿಂಗ್ ಮಾಡಿಸಿ, ಎಲ್ಲಾ ಗೊತ್ತಾಗುತ್ತೆ" ಅಂತಾರೆ. ಅಲ್ಲಿಂದ ಮುಂದೆ ಏನು ಮಾಡ್ಬೇಕು ಅಂತ ಹೇಳೋರು ಕಮ್ಮಿ, ಅದಕ್ಕೇ ಇದನ್ನ ಬರೀತಿದೀನಿ.

ಶುರು ಮಾಡೋ ಮುಂಚೆ ಒಂದು ವಿಷಯ ತಲೇಲಿಟ್ಕೊಳ್ಳಿ. ಲ್ಯಾಬು ನೀವು ಕೇಳೋ ಪ್ರಶ್ನೆಗೆ ಉತ್ತರ ಕೊಡಲ್ಲ, ಅದಕ್ಕಿಂತ ಚಿಕ್ಕ ಪ್ರಶ್ನೆಗೆ ಕೊಡುತ್ತೆ. ನೀವು ಕೇಳೋದು "ಈ ಚಿತ್ರ ಯಾವಾಗ ಬರೆದಿದ್ದು" ಅಂತ, ಲ್ಯಾಬು ಹೇಳೋದು "ಈ ಕಾಗದ ಆಗಿರೋ ಗಿಡ ಸತ್ತಿದ್ದು ಹೆಚ್ಚುಕಮ್ಮಿ ಇಂಥ ಕಾಲದಲ್ಲಿ" ಅಥವಾ "ಈ ಬಿಳಿ ಬಣ್ಣದಲ್ಲಿ ಟೈಟಾನಿಯಂ ಇದೆ" ಅಂತ, ಅಷ್ಟೇ. ಅದನ್ನ ಬೇರೆ ಸಾಕ್ಷಿಗಳ ಜೊತೆ ಜೋಡಿಸಿ ತೀರ್ಮಾನಕ್ಕೆ ಬರೋದು ಮನುಷ್ಯರೇ. ಇನ್ನೊಂದು, ವಿಜ್ಞಾನಕ್ಕೆ "ಇದು ಆ ಕಾಲದ್ದು ಅಲ್ಲ" ಅಂತ ಹೇಳೋದು ಸುಲಭ, "ಹೌದು ಆ ಕಾಲದ್ದೇ" ಅಂತ ಹೇಳೋದು ತುಂಬ ಕಷ್ಟ. ಒಳ್ಳೇ ಲ್ಯಾಬಿನವ್ರು "ಆ ಕಾಲಕ್ಕೆ ಹೊಂದದೇ ಇರೋದು ಏನೂ ಕಾಣ್ಲಿಲ್ಲ" ಅಂತ ಬರೆದುಕೊಡ್ತಾರೆ, ಅದೇ ದೊಡ್ಡ ಸರ್ಟಿಫಿಕೇಟು.

ಮೊದಲ್ನೇ ಕೆಲಸ: ಒರೆಸ್ಬೇಡಿ, ತೊಳೀಬೇಡಿ

ಸಿಕ್ಕಿದ ತಕ್ಷಣ ಎಲ್ರೂ ಮಾಡೋದು ಇದನ್ನೇ, ಎಲ್ಲಕ್ಕಿಂತ ಜಾಸ್ತಿ ಹಾಳಾಗೋದೂ ಇದ್ರಿಂದಾನೇ. ಮೈಸೂರು ಶೈಲಿ ಚಿತ್ರದ ಬಣ್ಣ ಗೋಂದಲ್ಲಿ ಕಲೆಸಿದ್ದು, ಒದ್ದೆ ಬಟ್ಟೆ ತಾಗಿದ್ರೆ ಬಣ್ಣ ಎದ್ದು ಬಟ್ಟೆಗೆ ಬರುತ್ತೆ, ಮತ್ತೆ ವಾಪಸ್ ಬರಲ್ಲ. ವಿಗ್ರಹಕ್ಕೆ ಹುಣಸೇಹಣ್ಣು, ನಿಂಬೆಹಣ್ಣು, ಪೌಡರು ಹಾಕಿ ಉಜ್ಜಿದ್ರೆ ಮೇಲಿನ ಪದರ ಹೋಗುತ್ತೆ, ಆ ಪದರದಲ್ಲೇ ವಯಸ್ಸಿನ ಅರ್ಧ ಸಾಕ್ಷಿ ಇರೋದು. ಓಲೆಗರಿ ಗಟ್ಟಿಯಾಗಿ ಅಂಟ್ಕೊಂಡಿದ್ರೆ ಬಿಡಿಸೋಕೆ ಹೋಗ್ಬೇಡಿ, ಎಣ್ಣೆ ಹಚ್ಬೇಡಿ, ಅದಕ್ಕೆ ಪದ್ಧತಿ ಬೇರೆ ಇದೆ. ಚಿತ್ರಕ್ಕೆ ವಾರ್ನಿಶ್ ಹೊಡೆಸೋದು, ಹೊಸ ಫ್ರೇಮ್ ಹಾಕಿಸೋದು, ಮುರಿದಿದ್ದನ್ನ ಫೆವಿಕಾಲಲ್ಲಿ ಅಂಟಿಸೋದು ಯಾವುದೂ ಬೇಡ. ಒಣ ಜಾಗದಲ್ಲಿ, ಬಿಸಿಲು ಬೀಳದ ಕಡೆ, ಹಳೇ ಶುಭ್ರವಾದ ಹತ್ತಿ ಬಟ್ಟೆ ಮುಚ್ಚಿ ಇಡಿ.

ಆರೋಗ್ಯದ ವಿಷಯವೂ ಇದೆ ಇಲ್ಲಿ. ಹಳೇ ಚಿತ್ರಗಳ ಹಳದಿ ಹರಿದಳ ಆಗಿರಬಹುದು, ಅದು ಆರ್ಸೆನಿಕ್. ಕೆಂಪು ಇಂಗಳೀಕ ಆಗಿರಬಹುದು, ಅದು ಪಾದರಸ. ಬಿಳಿ ಸಫೇದ ಸೀಸದ್ದು. ಕೆರೆದು ನೋಡೋದು, ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡೋದು ಮಾಡ್ಬೇಡಿ, ಮಕ್ಕಳ ಕೈಗೂ ಕೊಡ್ಬೇಡಿ.

ಎರಡ್ನೇದು: ಫೋಟೋ, ಅಳತೆ, ಮನೆ ಕಥೆ

ಫೋನಲ್ಲೇ ಸಾಕು, ಆದ್ರೆ ಹಗಲು ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ. ಮುಂದೆ, ಹಿಂದೆ, ನಾಲ್ಕೂ ಅಂಚು, ತಳ. ಬಹಳ ಜನ ಮುಂದಿನದ್ದು ಮಾತ್ರ ತೆಗೀತಾರೆ, ಪರೀಕ್ಷೆ ಮಾಡೋರು ಮೊದಲು ನೋಡೋದು ಹಿಂಭಾಗವನ್ನ. ಹಲಗೆ ಯಾವ್ದು, ಪ್ಲೈವುಡ್ಡಾ ಗರಗಸದಲ್ಲಿ ಕುಯ್ದಿದ್ದಾ, ಮೊಳೆ ಕಮ್ಮಾರ ಬಡಿದು ಮಾಡಿದ್ದಾ ಮಿಷಿನ್ನದಾ, ಸ್ಟಾರ್ ಸ್ಕ್ರೂ ಇದ್ಯಾ. ಸ್ಟಾರ್ ಸ್ಕ್ರೂ ಅಂದ್ರೆ ಫಿಲಿಪ್ಸ್ ಸ್ಕ್ರೂ, ಅದು ಚಾಲ್ತಿಗೆ ಬಂದಿದ್ದೇ 1930ರ ದಶಕದಲ್ಲಿ. ಹಿಂದೆ ನ್ಯೂಸ್‌ಪೇಪರ್ ಅಂಟಿಸಿದ್ರೆ ತಾರೀಖು ಓದಿ, ಆದ್ರೆ ಅದು ಹೇಳೋದು ಕಟ್ಟು ಹಾಕಿಸಿದ ಕಾಲವನ್ನ, ಚಿತ್ರ ಬರೆದ ಕಾಲವನ್ನ ಅಲ್ಲ. ಕಟ್ಟು ಹಾಕಿದ ಅಂಗಡಿ ಚೀಟಿ ಇದ್ರೆ ಅದನ್ನ ಕೀಳ್ಬೇಡಿ.

ಆಮೇಲೆ ಮನೇಲಿರೋ ಅಜ್ಜಿ ತಾತ ಚಿಕ್ಕಪ್ಪ ದೊಡ್ಡಪ್ಪ ಎಲ್ರನ್ನೂ ಬೇರೆಬೇರೆಯಾಗಿ ಕೇಳಿ ಬರೆದಿಟ್ಕೊಳ್ಳಿ, ಒಟ್ಟಿಗೆ ಕೂರಿಸಿ ಕೇಳಿದ್ರೆ ಒಬ್ರು ಹೇಳಿದ್ದನ್ನೇ ಉಳಿದೋರು ಹೇಳ್ತಾರೆ. ಯಾರ ಮದುವೆ ಫೋಟೋದಲ್ಲಿ ಹಿಂದೆ ಗೋಡೆ ಮೇಲೆ ಈ ಚಿತ್ರ ಕಾಣುತ್ತೆ, ಪಾಲುಪತ್ರದಲ್ಲಿ ವಿಗ್ರಹದ ಉಲ್ಲೇಖ ಇದ್ಯಾ, ಇಂಥದೊಂದು ಕಾಗದ ಸಿಕ್ಕಿದ್ರೆ ಅದು ಹತ್ತು ಲ್ಯಾಬ್ ರಿಪೋರ್ಟಿಗೆ ಸಮ ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ನಕಲಿ ಮಾಡೋರಿಗೆ ಹಳೇ ಕಾಗದ ಸಿಗುತ್ತೆ, ಹಳೇ ಮರ ಸಿಗುತ್ತೆ, 1950ರಲ್ಲಿ ನಿಮ್ಮ ಮನೆ ಗೋಡೆ ಮೇಲಿತ್ತು ಅನ್ನೋ ಫೋಟೋ ಸಿಗಲ್ಲ.

ಮೂರ್ನೇದು: ಲೂಪು, ಟಾರ್ಚು, ಯುವಿ ಲೈಟು

ಇಷ್ಟನ್ನ ಮನೇಲೇ ಮಾಡ್ಕೋಬಹುದು. ಚಿನ್ನದ ಕೆಲಸದವರು ಇಟ್ಕೊಳ್ಳೋ ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪು ಒಂದು, ಸಾಮಾನ್ಯ ಟಾರ್ಚು ಒಂದು, 365 ನ್ಯಾನೋಮೀಟರ್ ಅಂತ ಬರೆದಿರೋ ಯುವಿ ಟಾರ್ಚು ಒಂದು. ಯುವಿ ಬೆಳಕನ್ನ ಕಣ್ಣಿಗೆ ಬಿಟ್ಕೋಬೇಡಿ, ಕನ್ನಡಕ ಹಾಕ್ಕೊಳ್ಳಿ.

ಲೂಪಲ್ಲಿ ಮೊದಲು ನೋಡೋದು ಇದು ಕೈಲಿ ಬರೆದಿದ್ದಾ ಪ್ರಿಂಟಾ ಅಂತ. ಹಳೇ ಮನೆಗಳಲ್ಲಿ "ರವಿವರ್ಮನ ಒರಿಜಿನಲ್" ಅಂತ ಇರೋದ್ರಲ್ಲಿ ಹೆಚ್ಚಿನವು ಅವರ ಪ್ರೆಸ್ಸಿನ ಪ್ರಿಂಟುಗಳು ಅಥವಾ ಅದರ ನಕಲು. ಪ್ರೆಸ್ ಮುಂಬೈಲಿ ಶುರುವಾಗಿದ್ದು 1894ರಲ್ಲಿ, ಆಮೇಲೆ ಲೋಣಾವಳದ ಕಡೆಗೆ ಹೋಯ್ತು, ಚಿತ್ರದ ಕೆಳಗಿನ ಸಣ್ಣ ಅಕ್ಷರದಲ್ಲಿ ಊರಿನ ಹೆಸರಿದ್ರೆ ಅದೇ ಕಾಲದ ಸುಳಿವು. ಕಲ್ಲಚ್ಚಿನ ಪ್ರಿಂಟಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ, ಕೈಲಿಟ್ಟ ಹಾಗೆ ಕಾಣುತ್ವೆ. ಈಗಿನ ಆಫ್‌ಸೆಟ್ ಪ್ರಿಂಟಲ್ಲಿ ನಾಲ್ಕು ಬಣ್ಣದ ಚುಕ್ಕಿ ಸಾಲಾಗಿ, ಲೆಕ್ಕ ಹಾಕಿದ ಹಾಗೆ ಕೂತಿರುತ್ವೆ. ಮೇಲೆ ಜರಿ, ಮಣಿ, ಬಟ್ಟೆ ಅಂಟಿಸಿ ಅಲಂಕಾರ ಮಾಡಿದ ಲಕ್ಷ್ಮಿ ಸರಸ್ವತಿಯರೂ ನಮ್ಮ ಕಡೆ ತುಂಬ ಇದಾರೆ, ಜರಿ ಕೆಳಗೆ ಲೂಪಿಟ್ಟು ನೋಡಿ. ಪ್ರಿಂಟು ಅಂದ ಮಾತ್ರಕ್ಕೆ ಬೆಲೆ ಇಲ್ಲ ಅಂತಲ್ಲ, ಮೊದಮೊದಲಿನ ಪ್ರಿಂಟುಗಳನ್ನ ಜೋಪಾನ ಮಾಡ್ಲೇಬೇಕು. ರವಿವರ್ಮರೇ ಕೈಲಿ ಬರೆದ ಚಿತ್ರ ಹೇಗಿರುತ್ತೆ ಅಂತ ಕಣ್ಣಿಗೆ ಪರಿಚಯ ಆಗ್ಬೇಕು ಅಂದ್ರೆ ದೂರ ಹೋಗ್ಬೇಕಿಲ್ಲ, ಜಗನ್ಮೋಹನ ಅರಮನೆ ಗ್ಯಾಲರಿಯಲ್ಲಿ ನಿಂತು ನಿಧಾನಕ್ಕೆ ನೋಡಿ ಬನ್ನಿ.

ಟಾರ್ಚನ್ನ ಚಿತ್ರದ ಪಕ್ಕದಿಂದ, ಮೇಲ್ಮೈಗೆ ಸವರಿಕೊಂಡು ಹೋಗೋ ಹಾಗೆ ಹಿಡೀರಿ. ಉಬ್ಬು ಕೆಲಸ ಎದ್ದು ಕಾಣುತ್ತೆ. ಮೈಸೂರು ಶೈಲಿಯಲ್ಲಿ ಉಬ್ಬು ತೆಳು, ಸಣ್ಣ ಗೆರೆ, ಸೀರೆ ಅಂಚು ಒಡವೆ ಕಂಬ ಕಮಾನಿನಲ್ಲಿ ನಾಜೂಕಾಗಿ ಇರುತ್ತೆ. ತಂಜಾವೂರಿನದ್ದಾದ್ರೆ ದಪ್ಪ ಉಬ್ಬು, ಗಾಜಿನ ಕಲ್ಲು ಕೂರಿಸಿರ್ತಾರೆ. ಎರಡನ್ನೂ ಕಲೆಸಿ ಹೇಳೋ ವ್ಯಾಪಾರಿ ಹತ್ರ ಸ್ವಲ್ಪ ಹುಷಾರಾಗಿರಿ.

ಹಳೇದು ಅನ್ಸೋ ಹಾಗೆ ಮಾಡೋಕೆ ಟೀ ಡಿಕಾಕ್ಷನ್ ಹಚ್ತಾರೆ, ಹೊಗೆ ಹಿಡೀತಾರೆ. ಅದು ಕಾಗದದ ತುಂಬ ಒಂದೇ ಸಮ ಕಂದು ಆಗಿರುತ್ತೆ. ನಿಜವಾಗಿ ವಯಸ್ಸಾದ ಕಾಗದ ಫ್ರೇಮಿನ ಕೆಳಗೆ ಮುಚ್ಚಿಕೊಂಡಿದ್ದ ಕಡೆ ಬೇರೆ ಬಣ್ಣ, ಬೆಳಕಿಗೆ ಬಿದ್ದ ಕಡೆ ಬೇರೆ ಬಣ್ಣ. ಹುಳ ತಿಂದ ತೂತು ಸೊಟ್ಟಪಟ್ಟ ಹೋಗುತ್ತೆ, ಡ್ರಿಲ್ ಮಾಡಿದ್ದು ನೆಟ್ಟಗೆ.

ಯುವಿ ಹಾಕಿದಾಗ ಕಾಗದ ಪಳಪಳ ಅಂತ ನೀಲಿ ಬಿಳುಪಾಗಿ ಹೊಳೆದ್ರೆ ಅದರಲ್ಲಿ ಆಪ್ಟಿಕಲ್ ಬ್ರೈಟ್ನರ್ (ಬಿಳುಪು ಜಾಸ್ತಿ ಕಾಣೋಕೆ ಸೇರಿಸೋ ರಾಸಾಯನಿಕ) ಇದೆ, ಅಂಥ ಕಾಗದ ಸಾಮಾನ್ಯವಾಗಿ 1950ರ ಆಮೇಲಿಂದು. ಮುಮ್ಮಡಿಯವರ ಕಾಲದ ಕಾಗದ ಹೊಳೆಯೋಕೆ ಸಾಧ್ಯ ಇಲ್ಲ. (ಸೋಪು ಪೌಡರಲ್ಲಿ ಒಗೆದ ಬಟ್ಟೆನೂ ಹಾಗೇ ಹೊಳೆಯುತ್ತೆ, ಅದರ ನಾರು ಅಂಟಿರಬಹುದು, ಒಂದೇ ಚುಕ್ಕೆ ಹೊಳೆದ್ರೆ ಗಾಬರಿ ಬೇಡ.) ಬಿಳಿ ಬಣ್ಣಗಳಲ್ಲಿ ಸತುವಿನ ಬಿಳಿ ಹಳದಿ ಹಸಿರಾಗಿ ಹೊಳೆಯುತ್ತೆ, ಟೈಟಾನಿಯಂ ಬಿಳಿ ಕಪ್ಪಾಗಿ ಕಾಣುತ್ತೆ. ಹಳೇ ವಾರ್ನಿಶ್ ಮೇಲೆ ಆಮೇಲೆ ತಿದ್ದಿದ ಜಾಗಗಳು ಕಪ್ಪು ತೇಪೆ ಥರ ಎದ್ದು ಬರುತ್ವೆ. ಇದನ್ನೆಲ್ಲ ಕತ್ತಲೆ ಕೋಣೇಲಿ ಫೋಟೋ ತೆಗೆದಿಟ್ಕೊಳ್ಳಿ.

ಇಲ್ಲಿವರೆಗೂ ಬಂದು ವಸ್ತು ಹೊಸದು ಅಂತ ಖಚಿತ ಆಗಿದ್ರೆ ನಿಲ್ಲಿಸ್ಬಿಡಿ, ಲ್ಯಾಬಿಗೆ ದುಡ್ಡು ಹಾಕೋದು ಬೇಡ.

ನಾಲ್ಕ್ನೇದು: ಯಾವ ವಸ್ತುವಿಗೆ ಯಾವ ಪರೀಕ್ಷೆ

ಚಿತ್ರಗಳಿಗೆ ಎಲ್ಲಕ್ಕಿಂತ ಉಪಯೋಗ ಬಣ್ಣದ ಪರೀಕ್ಷೆ. ಪ್ರತಿಯೊಂದು ಕೃತಕ ಬಣ್ಣಕ್ಕೂ ಹುಟ್ಟಿದ ವರ್ಷ ಇದೆ, ಅದಕ್ಕಿಂತ ಹಿಂದಿನ ಚಿತ್ರದಲ್ಲಿ ಅದು ಇರೋ ಹಾಗಿಲ್ಲ. ಪ್ರಷ್ಯನ್ ಬ್ಲೂ ಬರ್ಲಿನ್‌ನಲ್ಲಿ ಸಿಕ್ಕಿದ್ದು 1704-06ರ ಸುಮಾರಿಗೆ. ಎಮರಾಲ್ಡ್ ಗ್ರೀನ್ 1814. ಕೃತಕ ಅಲ್ಟ್ರಾಮರೀನ್ ಬಂದಿದ್ದು 1828ರ ಹೊತ್ತಿಗೆ. ಸತುವಿನ ಬಿಳಿ ನೀರು ಬಣ್ಣವಾಗಿ ಮಾರಾಟಕ್ಕೆ ಬಂದಿದ್ದು 1834ರಲ್ಲಿ. ಟೈಟಾನಿಯಂ ಬಿಳಿ ಮಾರ್ಕೆಟ್ಟಿಗೆ ಬಂದಿದ್ದು 1920ರ ಆಸುಪಾಸು. ಥ್ಯಾಲೋ ಬ್ಲೂ 1935. ಈಗ "ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು" ಅಂತ ಹೇಳೋ ಚಿತ್ರ ಅಂದ್ರೆ 1868ರ ಒಳಗೆ ಬರೆದಿರಬೇಕು, ಅದರ ಮೂಲ ಬಿಳಿ ಬಣ್ಣದಲ್ಲಿ ಟೈಟಾನಿಯಂ ಸಿಕ್ರೆ ಕಥೆ ಮುಗೀತು. ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ಅನ್ನೋ ನಕಲಿ ಚಿತ್ರಗಾರ ಎಷ್ಟೋ ವರ್ಷ ಪರಿಣತರ ಕಣ್ಣಿಗೇ ಮಣ್ಣೆರಚಿದ್ದ, 1914ರದ್ದು ಅಂತ ಮಾರಿದ ಒಂದು ಚಿತ್ರದ ಬಿಳೀಲಿ ಟೈಟಾನಿಯಂ ಸಿಕ್ಕಿ 2011ರಲ್ಲಿ ಜೈಲು ಶಿಕ್ಷೆ ಆಯ್ತು.

"ಮೂಲ ಬಿಳಿ" ಅಂತ ಹೇಳಿದ್ದು ಬೇಕಂತಲೇ. ಒಂದು ಚುಕ್ಕೆ ಹೊಸ ಬಣ್ಣ ಸಿಕ್ಕಿದ ಮಾತ್ರಕ್ಕೆ ಇಡೀ ಚಿತ್ರ ನಕಲಿ ಅಲ್ಲ. ದೇವರ ಮನೇಲಿ ದೀಪದ ಹೊಗೆಗೆ ಕಪ್ಪಾದ ಮುಖಾನ ಯಾರೋ ಐವತ್ತು ವರ್ಷದ ಹಿಂದೆ ತಿದ್ದಿರಬಹುದು. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿ, ಕಟ್ಟಿದ್ದು 1784ರಲ್ಲಿ, ಗೋಡೆ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ಇದೆ, ಅದು ಅಳಿಸಿ ಹೋಗಿದ್ದನ್ನ ಟಿಪ್ಪು ಆದ್ಮೇಲೆ ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಸರಿ ಮಾಡಿಸಿದ, ಮತ್ತೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ ಇನ್ನೊಮ್ಮೆ ಬರೆಸಿದ್ರು. ಜಾಗ ಬಿಟ್ಟು ಅಲ್ಲಾಡದ ಗೋಡೆಗೇ ಇಷ್ಟು ಪದರ ಇದ್ರೆ ಕೈಯಿಂದ ಕೈಗೆ ಹೋದ ಚಿತ್ರದ ಕಥೆ ಏನು. ಹಾಗಾಗಿ ಲ್ಯಾಬಿನವರಿಗೆ ಕನಿಷ್ಠ ನಾಲ್ಕೈದು ಜಾಗದಲ್ಲಿ ನೋಡಿ ಅಂತ ಕೇಳಿ, ಅದರಲ್ಲಿ ಯುವಿಯಲ್ಲಿ ತಿದ್ದಿದ ಹಾಗೆ ಕಾಣದ ಜಾಗಗಳು ಇರ್ಲೇಬೇಕು.

ಬಣ್ಣ ನೋಡೋಕೆ ಮೊದಲು ಎಕ್ಸ್‌ಆರ್‌ಎಫ್. ಗನ್ ಥರ ಇರೋ ಯಂತ್ರ, ಮುಟ್ಟದೇನೇ ಯಾವ ಮೂಲಧಾತು ಇದೆ ಅಂತ ಹೇಳುತ್ತೆ: ಪಾದರಸ ಬಂದ್ರೆ ಇಂಗಳೀಕ, ಆರ್ಸೆನಿಕ್ ಗಂಧಕ ಬಂದ್ರೆ ಹರಿದಳ, ಸೀಸ ಬಂದ್ರೆ ಸಫೇದ. ನೀಲಿಗಿಡದ ನೀಲಿ, ಕಾಡಿಗೆ ಇವೆಲ್ಲ ಅದರ ಕಣ್ಣಿಗೆ ಬೀಳಲ್ಲ, ಅದಕ್ಕೆ ಬೆಳಕು ಹಾಯಿಸಿ ಅಣುಗಳನ್ನ ಗುರುತಿಸೋ ರಾಮನ್ ಅಥವಾ ಎಫ್‌ಟಿಐಆರ್ ಬೇಕು. ಅಂಟು ಯಾವುದು ಅಂತ ಹೇಳೋದೂ ಎಫ್‌ಟಿಐಆರ್ರೇ, ಮರಗೋಂದಾ ಅಥವಾ ಫೆವಿಕಾಲ್ ಜಾತಿಯ ಸಿಂಥೆಟಿಕ್ಕಾ ಅಂತ ಗೊತ್ತಾಗುತ್ತೆ. ಫೆವಿಕಾಲ್ ಬಂದಿದ್ದೇ 1959ರಲ್ಲಿ. ಚಿನ್ನದ ರೇಕಿನ ಜಾಗಾನೂ ಎಕ್ಸ್‌ಆರ್‌ಎಫ್‌ನಲ್ಲಿ ನೋಡಿಸಿ, ತಾಮ್ರ ಸತು ಬಂದ್ರೆ ಅದು ಇಮಿಟೇಷನ್ ರೇಕು, ಅಂಥದ್ದು ಕಾಲ ಹೋದ ಹಾಗೆ ಕಪ್ಪಾಗುತ್ತೆ, ಚಿನ್ನ ಆಗಲ್ಲ. ಇನ್ಫ್ರಾರೆಡ್ ಫೋಟೋ ತೆಗೆಸೋಕಾದ್ರೆ ಖಂಡಿತ ತೆಗೆಸಿ. ನಮ್ಮ ಹಳೇ ಕಲಾವಿದರು ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ಮೊದಲು ಗೆರೆ ಹಾಕ್ತಿದ್ರು, ಬಣ್ಣದ ಕೆಳಗಿರೋ ಆ ಗೆರೆ ಇನ್ಫ್ರಾರೆಡ್‌ನಲ್ಲಿ ಕಾಣುತ್ತೆ. ಕೈ ಬೆರಳು ಮೊದಲು ಒಂದು ಕಡೆ ಬರೆದು ಆಮೇಲೆ ಬದಲಾಯಿಸಿದ್ದು ಕಂಡ್ರೆ, ಯೋಚನೆ ಮಾಡ್ಕೊಂಡು ಬರೆದ ಕೈ ಅದು, ಇನ್ನೊಂದು ಚಿತ್ರ ನೋಡ್ಕೊಂಡು ನಕಲು ಮಾಡಿದ ಕೈ ಅಲ್ಲ ಅನ್ನೋಕೆ ಒಳ್ಳೇ ಸೂಚನೆ.

ಈಗ ಕಾರ್ಬನ್ ಡೇಟಿಂಗ್. ವಿಲ್ಲರ್ಡ್ ಲಿಬ್ಬಿ 1940ರ ದಶಕದ ಕೊನೇಲಿ ಕಂಡುಹಿಡಿದು 1960ರಲ್ಲಿ ನೊಬೆಲ್ ತಗೊಂಡ ವಿಧಾನ. ಜೀವ ಇರೋವರೆಗೆ ಗಿಡ ಪ್ರಾಣಿ ಕಾರ್ಬನ್-14 ತಗೊಳ್ತಾ ಇರುತ್ವೆ, ಸತ್ತ ಮೇಲೆ ಅದು ಕಮ್ಮಿ ಆಗ್ತಾ ಹೋಗುತ್ತೆ, ಸುಮಾರು 5,730 ವರ್ಷಕ್ಕೆ ಅರ್ಧ. ಹಾಗಾಗಿ ಒಂದು ಕಾಲದಲ್ಲಿ ಜೀವ ಇದ್ದಿದ್ದಕ್ಕೆ ಮಾತ್ರ: ಕಾಗದ, ಬಟ್ಟೆ, ಮರ, ಓಲೆಗರಿ, ದಂತ. ಕಲ್ಲು, ಲೋಹಕ್ಕೆ ಇಲ್ಲ. ಆದ್ರೆ ನಮ್ಮ ಮನೆ ವಸ್ತುಗಳಿಗೆ ದೊಡ್ಡ ತೊಡಕು ಇದೆ. ಸುಮಾರು 1650ರಿಂದ 1950ರ ಮಧ್ಯೆ ಗಾಳಿಯಲ್ಲಿನ ಕಾರ್ಬನ್-14 ಪ್ರಮಾಣ ಏರಿಳಿದಿರೋದ್ರಿಂದ ಆ ಮುನ್ನೂರು ವರ್ಷದ ವಸ್ತುಗಳನ್ನ ಒಂದರಿಂದ ಒಂದು ಬೇರೆ ಮಾಡೋಕೆ ಆಗಲ್ಲ. ಮೈಸೂರು ಚಿತ್ರ, ಗಂಜೀಫಾ (ಹಳೇ ಕಾಲದ ಇಸ್ಪೀಟು) ಎಲೆ, ಪಟ್ಟದ ಗೊಂಬೆ ಎಲ್ಲಾ ಬರೋದು ಇದೇ ಮುನ್ನೂರು ವರ್ಷದಲ್ಲಿ! ಒಂದು ಸ್ಯಾಂಪಲ್ಲಿಗೆ ಹತ್ತಾರು ಸಾವಿರ ಕೊಟ್ಟು "1660ರಿಂದ 1950" ಅಂತ ರಿಪೋರ್ಟ್ ತಗೊಳ್ಳೋದು ಬೇಡ ಅಂತ ನಾನು ಯಾರು ಕೇಳಿದ್ರೂ ಹೇಳ್ತೀನಿ. ಒಂದು ಕಡೆ ಮಾತ್ರ ಇದು ಚುರುಕು. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚುಕಮ್ಮಿ ಎರಡು ಪಟ್ಟಾಯ್ತು, 1963ರಲ್ಲಿ ಗಾಳಿಯಲ್ಲಿ ಬಾಂಬ್ ಸಿಡಿಸೋದನ್ನ ನಿಲ್ಲಿಸೋ ಒಪ್ಪಂದ ಆದ್ಮೇಲೆ ಇಳೀತಾ ಬಂತು. ಆಮೇಲೆ ಬೆಳೆದ ಹತ್ತಿಯ ಬಟ್ಟೆ ಅಥವಾ ಕಾಗದದಲ್ಲಿ ಆ ಗುರುತು ಇದ್ದೇ ಇರುತ್ತೆ. ಅಂದ್ರೆ "ಇದು 1955ರ ಈಚಿನದ್ದಾ" ಅನ್ನೋ ಪ್ರಶ್ನೆಗೆ ಮಾತ್ರ ಕಾರ್ಬನ್ನು ನೇರ ಉತ್ತರ ಕೊಡುತ್ತೆ.

ಓಲೆಗರಿಗೂ ಇದೇ ಮಾತು, ಜೊತೆಗೆ ಗರಿ ಹಳೇದು ಬರಹ ಹೊಸದು ಇರಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರೋ ವಿನ್ಲ್ಯಾಂಡ್ ನಕ್ಷೆ ಹಾಗೇ ಆಗಿದ್ದು, ಚರ್ಮ ನಿಜವಾಗ್ಲೂ 15ನೇ ಶತಮಾನದ್ದು, ಶಾಯೀಲಿ ಮಾತ್ರ ಟೈಟಾನಿಯಂ, 2021ರಲ್ಲಿ ಅವರೇ ನಕಲಿ ಅಂತ ಒಪ್ಕೊಂಡ್ರು. ಓಲೆಗರೀಲಿ ಲೂಪಿಟ್ಟು ಹುಳದ ತೂತು ನೋಡಿ. ತೂತು ಅಕ್ಷರವನ್ನ ಕತ್ತರಿಸಿಕೊಂಡು ಹೋಗಿದ್ರೆ ಬರೆದ ಮೇಲೆ ಹುಳ ತಿಂದಿದೆ, ಸರಿ. ಅಕ್ಷರಗಳೇ ತೂತನ್ನ ತಪ್ಪಿಸಿ ಪಕ್ಕಕ್ಕೆ ಸರಿದಿದ್ರೆ ಆಗಲೇ ತೂತಾಗಿದ್ದ ಗರಿ ಮೇಲೆ ಬರೆದಿದಾರೆ. ಕೊನೇ ಗರೀಲಿ ಬರೆದವರ ಹೆಸರು, ಸಂವತ್ಸರ, ಮಾಸ, ತಿಥಿ, ವಾರ ಇರೋ ಸಾಧ್ಯತೆ ಇದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತಲ್ಲ, "ಪ್ಲವ" ಅಂತ ಮಾತ್ರ ಇದ್ರೆ 1841-42 ಇರಬಹುದು, 1901-02 ಇರಬಹುದು. ಶಕವರ್ಷ ಕೊಟ್ಟಿದ್ರೆ 78 ಕೂಡಿಸಿ, ಶಕ 1763 ಅಂದ್ರೆ 1841. ತಿಥಿ ವಾರ ಎರಡೂ ಇದ್ರೆ ಪಂಚಾಂಗ ಬಲ್ಲವರ ಹತ್ರ ಅದು ಹೊಂದುತ್ತಾ ಅಂತ ಲೆಕ್ಕ ಹಾಕ್ಸಿ, ಸುಳ್ಳು ತಾರೀಖು ಬರೆದವರು ಅಲ್ಲೇ ಸಿಕ್ಕಿಬೀಳೋದು. ಲಿಪಿ ಓದಿ ಕಾಲ ಹೇಳೋ ವಿದ್ವಾಂಸರಿಗೆ ಮೈಸೂರಲ್ಲಿ ಬರ ಇಲ್ಲ, 1891ರಿಂದ ಇರೋ ಪ್ರಾಚ್ಯವಿದ್ಯಾ ಸಂಶೋಧನಾಲಯ ಇಲ್ಲೇ ಇದೆ, ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಶಾಮಾಶಾಸ್ತ್ರಿಗಳ ಕೈಗೆ ಬಂದಿದ್ದು ಅಲ್ಲೇ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿಯೂ ಮೈಸೂರಲ್ಲೇ ಇದೆ.

ಲೋಹದ ವಿಗ್ರಹ ತುಂಬಾ ಕಷ್ಟದ ವಿಷಯ, ಲೋಹದ ವಯಸ್ಸನ್ನ ನೇರವಾಗಿ ಅಳೆಯೋ ಯಂತ್ರ ಇಲ್ಲ, ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಟೊಳ್ಳಾಗಿ ಎರಕ ಹೊಯ್ದ ವಿಗ್ರಹದೊಳಗೆ ಸುಟ್ಟ ಮಣ್ಣು ಉಳಿದಿದ್ರೆ ಆ ಮಣ್ಣಿಗೆ ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆ ಮಾಡಿ ಕೊನೇ ಸಲ ಕಾದಿದ್ದು ಯಾವಾಗ ಅಂತ ಹೇಳಬಹುದು, ಸುಟ್ಟ ಮಣ್ಣಿನ ಗೊಂಬೆ ಮಡಕೆಗೂ ಅದೇ ಪರೀಕ್ಷೆ. ಆದ್ರೆ ನಮ್ಮ ದಕ್ಷಿಣದ ವಿಗ್ರಹಗಳು ಬಹುಪಾಲು ಘನ ಎರಕ, ಒಳಗೆ ಮಣ್ಣೇ ಇರಲ್ಲ. ಹಾಗಾಗಿ ಉಳಿಯೋದು ಮಿಶ್ರಣ ಮತ್ತೆ ಮೇಲಿನ ಪದರ. ನಿಜವಾಗಿ ಭೂಮಿ ಒಳಗೆ ಇದ್ದ ತಾಮ್ರದ ವಿಗ್ರಹದಲ್ಲಿ ಲೋಹಕ್ಕೆ ಅಂಟಿಕೊಂಡೇ ಕೆಂಪು ಪದರ, ಅದರ ಮೇಲೆ ಹಸಿರು, ಹರಳು ಹರಳಾಗಿ ಲೋಹದೊಳಗೆ ಬೇರು ಬಿಟ್ಟಿರುತ್ತೆ. ಆಸಿಡ್ ಹಾಕಿ ತಿಂಗಳಲ್ಲಿ ಬರಿಸಿದ ಹಸಿರು ಮೇಲೆ ಮೇಲೆ ಕೂತಿರುತ್ತೆ, ಕೆಲವೊಮ್ಮೆ ಬರೀ ಪೇಂಟೇ ಆಗಿರುತ್ತೆ, ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ. ಇನ್ನೊಂದು ಸರಳ ತರ್ಕ. ತಲೆಮಾರುಗಟ್ಟಲೆ ಮನೇಲಿ ಅಭಿಷೇಕ ಆದ ವಿಗ್ರಹಕ್ಕೆ ಹಸಿರು ಕಟ್ಟಿರಲ್ಲ, ಮೂಗು ಕಣ್ಣು ಸವೆದಿರುತ್ತೆ, ಸವೆತ ಕೈ ತಾಗೋ ಕಡೆ ಜಾಸ್ತಿ. "ಮನೆತನದ ಪೂಜಾ ವಿಗ್ರಹ" ಅಂತ ಹೇಳ್ಕೊಂಡು ದಪ್ಪ ಹಸಿರು ತೋರಿಸಿದ್ರೆ ಎರಡರಲ್ಲಿ ಒಂದು ಸುಳ್ಳು.

ಮಿಶ್ರಣದ ವಿಷಯದಲ್ಲಿ ಒಂದು ಎಚ್ಚರಿಕೆ. ಯೂರೋಪಿನ ಪುಸ್ತಕಗಳಲ್ಲಿ ಹಿತ್ತಾಳೇಲಿ ಸತು 28 ಪರ್ಸೆಂಟಿಗಿಂತ ಜಾಸ್ತಿ ಇದ್ರೆ ಹೊಸದು ಅಂತ ಓದಿರ್ತೀರಿ, ಅಲ್ಲಿ ಅದು ಸರಿ, ಯಾಕಂದ್ರೆ ಅವರಿಗೆ ಸತುವನ್ನ ಲೋಹವಾಗಿ ತೆಗೆಯೋಕೆ ಬರೋದು ತಡವಾಯ್ತು. ನಮ್ಮ ದೇಶದಲ್ಲಿ ರಾಜಸ್ಥಾನದ ಜಾವರ್‌ನಲ್ಲಿ ಶತಮಾನಗಳ ಹಿಂದೇನೇ ಸತುವನ್ನ ಭಟ್ಟಿ ಇಳಿಸಿ ತೆಗೀತಿದ್ರು. ಆ ನಿಯಮವನ್ನ ನಾಗಮಂಗಲದ ಎರಕದವರು ಮಾಡಿದ ವಿಗ್ರಹಕ್ಕೆ ಹಾಗೇ ಹಾಕಿದ್ರೆ ಒಳ್ಳೇ ಹಳೇ ವಿಗ್ರಹವನ್ನೂ ನಕಲಿ ಅಂತ ಎಸೀಬೇಕಾಗುತ್ತೆ. ಚಿನ್ನದ ಹಾಲ್‌ಮಾರ್ಕ್ ಸೆಂಟರಲ್ಲೂ ಎಕ್ಸ್‌ಆರ್‌ಎಫ್ ಯಂತ್ರ ಇರುತ್ತೆ ನಿಜ, ಅದು ಚಿನ್ನಕ್ಕೆ ಹೊಂದಿಸಿದ್ದು, ಹಿತ್ತಾಳೆ ಕಂಚಿಗೆ ಅದರ ಅಂಕಿ ನೆಚ್ಚಿಕೊಳ್ಳೋ ಹಾಗಿಲ್ಲ.

ಕಲ್ಲಿನ ಶಿಲ್ಪಕ್ಕೆ ವಿಜ್ಞಾನ ಹೇಳೋದು ಕಮ್ಮಿ, ಉಳಿ ಗುರುತು, ಶೈಲಿ, ಮೇಲ್ಮೈ ಸವೆತ ನೋಡಿ ಬಲ್ಲವರು ಹೇಳ್ಬೇಕು. ಬೀಟೆ ಮರದ ಕುಸುರಿ ಸಾಮಾನಲ್ಲಿ ಬಿಳಿ ಭಾಗವನ್ನ ನೋಡಿ: ನಿಜವಾದ ಆನೆ ದಂತದ ಅಡ್ಡ ಕೊಯ್ತದಲ್ಲಿ ಗೆರೆಗಳು ಒಂದರ ಮೇಲೊಂದು ಹಾದು ಸಣ್ಣ ಸಣ್ಣ ಚೌಕ ಆಗಿ ಕಾಣುತ್ವೆ, ಯುವಿಯಲ್ಲಿ ನೀಲಿ ಬಿಳುಪಾಗಿ ಹೊಳೆಯುತ್ತೆ. ಪ್ಲಾಸ್ಟಿಕ್ಕಾದ್ರೆ ಆ ಗೆರೆ ಇರಲ್ಲ, ದಂತದ ವ್ಯಾಪಾರ ನಿಂತ ಮೇಲೆ ಮೈಸೂರಲ್ಲಿ ಪ್ಲಾಸ್ಟಿಕ್ಕೇ ಬಳಸ್ತಾ ಬಂದಿರೋದು. ಕಾದ ಸೂಜಿ ಚುಚ್ಚಿ ನೋಡೋ ಹಳೇ ವಿಧಾನ ಮಾತ್ರ ಬೇಡ, ಕಲೆ ಶಾಶ್ವತವಾಗಿ ಉಳಿಯುತ್ತೆ.

ಶ್ರೀರಂಗಪಟ್ಟಣದಲ್ಲಿ "ಟಿಪ್ಪು ನಾಣ್ಯ" ಅಂತ ಕೈಗೆ ಕೊಡೋರ ಬಗ್ಗೆಯೂ ಎರಡು ಮಾತು. ಅಸಲಿ ನಾಣ್ಯ ಅಚ್ಚಲ್ಲಿ ಹೊಡೆದಿದ್ದು, ನಕಲಿ ಬಹಳ ಸಲ ಎರಕ, ಅಂಚಲ್ಲಿ ಸೇರಿಕೆ ಗೆರೆ, ಮೈಮೇಲೆ ಗುಳ್ಳೆ ತೂತು. ಟಿಪ್ಪು ಮೌಲೂದಿ ಅನ್ನೋ ತನ್ನದೇ ವರ್ಷಗಣನೆ ತಂದ ಮೇಲಿನ ನಾಣ್ಯಗಳಲ್ಲಿ ಇಸವಿ ಅಂಕಿಗಳನ್ನ ಬಲದಿಂದ ಎಡಕ್ಕೆ ಓದಬೇಕು, ನಕಲು ಮಾಡೋರು ಇದನ್ನ ತಪ್ಪಿಸ್ತಾರೆ.

ಐದ್ನೇದು: ಯಾರ ಹತ್ರ ಹೋಗೋದು

ಮೊದಲು ಮೈಸೂರಲ್ಲೇ ವಿಚಾರಿಸಿ. ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಇಲ್ಲೇ ಇದೆ. ಲಕ್ನೋದಲ್ಲಿ ಕೇಂದ್ರ ಇರೋ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಲ್ಯಾಬ್ ಕೂಡ ಮೈಸೂರಲ್ಲಿದೆ. ಬೆಂಗಳೂರಲ್ಲಿ ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಇದೆ. ಕಾರ್ಬನ್ ಪರೀಕ್ಷೆ ಬೇಕೇ ಬೇಕು ಅಂದ್ರೆ ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಕಾರ್ಬನ್-14 ಪರಮಾಣುಗಳನ್ನೇ ಎಣಿಸೋ ಎಎಮ್‌ಎಸ್ ಯಂತ್ರ ಇದೆ, ಅದಕ್ಕೆ ಕೆಲವು ಮಿಲಿಗ್ರಾಂ ಸ್ಯಾಂಪಲ್ ಸಾಕು. ಇವು ಸಂಶೋಧನೆಗೆ ಇರೋ ಜಾಗಗಳು, ನೇರವಾಗಿ ಹೋಗಿ ನಿಂತ್ರೆ ಕೆಲಸ ಆಗಲ್ಲ, ಫೋಟೋ, ಅಳತೆ, ಮನೆ ಕಥೆ, ಯುವಿ ಫೋಟೋ ಎಲ್ಲಾ ಸೇರಿಸಿ ಒಂದು ಪುಟದ ಪತ್ರ ಬರೆದು ಕೇಳಿ. ಪತ್ರದಲ್ಲಿ "ಎಷ್ಟು ಹಳೇದು ಹೇಳಿ" ಅಂತ ಬರೀಬೇಡಿ, "ಮೂಲ ಬಿಳಿ ಬಣ್ಣದಲ್ಲಿ ಟೈಟಾನಿಯಂ ಇದ್ಯಾ" ಅಂತ ಬರೀರಿ. ನಿಖರ ಪ್ರಶ್ನೆಗೆ ಉತ್ತರ ಬೇಗ ಬರುತ್ತೆ.

"ಇರಿಡಿಯಂ ಚೊಂಬು", "ಅಕ್ಕಿ ಎಳೆಯೋ ತಂಬಿಗೆ" ಅಂತ, ಪಾತ್ರೇಲಿ ಏನೋ ವಿಶೇಷ ಶಕ್ತಿ ಇದೆ ಅಂತ ಹೇಳ್ಕೊಂಡು, ಸೂಟು ಹಾಕ್ಕೊಂಡ "ಸೈಂಟಿಸ್ಟ್"ಗಳನ್ನ ಕರ್ಕೊಂಡು ಬಂದು, ಟೆಸ್ಟಿಂಗ್ ಫೀಸು ಅಂತ ಲಕ್ಷಗಟ್ಟಲೆ ಕೀಳೋ ಗುಂಪುಗಳು ಕರ್ನಾಟಕದ ತುಂಬ ಎಷ್ಟೋ ಮನೆ ಹಾಳು ಮಾಡಿದಾವೆ. ಯಾವ ನಿಜವಾದ ಲ್ಯಾಬೂ ನಿಮ್ಮ ಮನೆಗೆ ರಾತ್ರಿ ಬಂದು ಪರೀಕ್ಷೆ ಮಾಡಲ್ಲ, ಖರೀದಿದಾರನನ್ನ ಜೊತೇಲಿ ಕರ್ಕೊಂಡೂ ಬರಲ್ಲ. ಅಂಥೋರು ಬಂದ್ರೆ ಪೊಲೀಸರಿಗೆ ಹೇಳಿ.

ಆರ್ನೇದು: ಸ್ಯಾಂಪಲ್ ಮತ್ತು ರಿಪೋರ್ಟ್

ಮುಟ್ಟದೇ ಮಾಡೋ ಪರೀಕ್ಷೆ ಎಲ್ಲಾ ಮುಗಿದು, ಇನ್ನೂ ಒಂದು ಪ್ರಶ್ನೆ ಉಳಿದಿದ್ರೆ ಮಾತ್ರ ಸ್ಯಾಂಪಲ್. ತೆಗೆಯೋದು ತರಬೇತಿ ಇರೋ ಸಂರಕ್ಷಕರೇ ಆಗ್ಬೇಕು, ಈಗಾಗಲೇ ಒಡೆದ ಅಂಚಿಂದ, ಸಾಸಿವೆಗಿಂತ ಚಿಕ್ಕದು. ಎಲ್ಲಿಂದ ತೆಗೆದ್ರು ಅನ್ನೋದನ್ನ ಫೋಟೋ ಮೇಲೆ ಗುರುತು ಹಾಕಿಸಿ ಸಹಿ ಹಾಕಿಸ್ಕೊಳ್ಳಿ. ಆ ಜಾಗ ತಿದ್ದಿದ್ದಾ ಮೂಲದ್ದಾ ಅಂತ ಗೊತ್ತಿಲ್ಲದೆ ಬಂದ ರಿಪೋರ್ಟಿಗೆ ಅರ್ಥ ಇಲ್ಲ.

ರಿಪೋರ್ಟ್ ಬಂದಾಗ ಮೂರು ವಿಷಯ ಹುಡುಕಿ: ಯಾವ ಜಾಗ, ಯಾವ ವಿಧಾನ, ಎಷ್ಟು ಅನಿಶ್ಚಿತತೆ. ಕಾರ್ಬನ್ ರಿಪೋರ್ಟಲ್ಲಿ "ಬಿಪಿ" ಅಂತ ಇದ್ರೆ 1950ಕ್ಕಿಂತ ಎಷ್ಟು ವರ್ಷ ಹಿಂದೆ ಅಂತ ಅರ್ಥ, ಈವತ್ತಿನಿಂದ ಅಲ್ಲ, ಅದನ್ನ ಹಾಗೇ ಲೆಕ್ಕ ಹಾಕ್ಬೇಡಿ, ಕ್ಯಾಲಿಬ್ರೇಟ್ ಮಾಡಿದ, ಅಂದ್ರೆ ನಿಜವಾದ ಇಸವಿಗೆ ಹೊಂದಿಸಿದ ಅವಧಿಯನ್ನೇ ಓದಿ. 95 ಪರ್ಸೆಂಟ್ ಅಂತ ಕೊಟ್ಟಿರೋ ಪೂರ್ತಿ ಅವಧಿ ನಿಮ್ಮ ಉತ್ತರ, ಅದರಲ್ಲಿ ನಿಮಗೆ ಇಷ್ಟವಾದ ಹಳೇ ತುದಿಯನ್ನ ಮಾತ್ರ ಹಿಡ್ಕೊಂಡು ಹೇಳೋಕೆ ಹೋಗ್ಬೇಡಿ. ಮರ ಆದ್ರೆ ಇನ್ನೂ ಒಂದು ಮೆಟ್ಟಿಲು ಹಿಂದೆ ನಿಂತು ಯೋಚಿಸಿ, ಇನ್ನೂರು ವರ್ಷ ಬೆಳೆದ ಮರದ ತಿರುಳಿಗೆ ಹೊರ ಪದರಕ್ಕಿಂತ ವಯಸ್ಸು ಜಾಸ್ತಿ, ಹಳೇ ತೊಲೆ ತಂದು ನಿನ್ನೆ ಕೆತ್ತಿದ್ರೂ ಯಂತ್ರ ಹೇಳೋದು ಮರದ ವಯಸ್ಸನ್ನೇ.

ಕೊನೇದು: ಕಾನೂನು

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕರಕುಶಲ ವಸ್ತು, 75 ವರ್ಷ ದಾಟಿದ ಹಸ್ತಪ್ರತಿ ಎಲ್ಲಾ ಇದರೊಳಗೆ ಬರುತ್ತೆ. ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಯಂಥ ಕೆಲವು ವರ್ಗಗಳನ್ನ ನೋಂದಣಿ ಅಧಿಕಾರಿ ಹತ್ರ ರಿಜಿಸ್ಟರ್ ಮಾಡಿಸ್ಬೇಕು. ಮನೇಲಿ ಇಟ್ಕೊಳ್ಳೋಕೆ ತೊಂದ್ರೆ ಇಲ್ಲ, ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಾಚೆ ಕಳಿಸೋ ಹಾಗೇ ಇಲ್ಲ. ವಸ್ತು ಹೊಸದು ಅಂತ ಗೊತ್ತಾಗಿ, ಅಮೆರಿಕದಲ್ಲಿರೋ ಮಗಳಿಗೆ ಕಳಿಸ್ಬೇಕು ಅಂದ್ರೂ ಪುರಾತತ್ವ ಸರ್ವೇಕ್ಷಣೆಯಿಂದ "ಇದು ಪುರಾತನ ವಸ್ತು ಅಲ್ಲ" ಅನ್ನೋ ಸರ್ಟಿಫಿಕೇಟ್ ತಗೊಂಡ್ರೆ ಏರ್‌ಪೋರ್ಟಲ್ಲಿ ಪರದಾಡೋದು ತಪ್ಪುತ್ತೆ. ವಿದೇಶದ ಲ್ಯಾಬಿಗೆ ಸ್ಯಾಂಪಲ್ ಕಳಿಸೋ ಯೋಚನೆ ಇದ್ರೆ ಅವರನ್ನೇ ಬರವಣಿಗೇಲಿ ಕೇಳಿ. ದಂತ ಇರೋದನ್ನ ಮಾರೋದು ಕೊಳ್ಳೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅರಣ್ಯ ಇಲಾಖೇಲಿ ವಿಚಾರಿಸದೆ ಕೈ ಬದಲಾಯಿಸ್ಬೇಡಿ. ಗದ್ದೆ ಉಳೋವಾಗ, ಪಾಯ ತೆಗೆಯೋವಾಗ ಏನಾದ್ರೂ ಸಿಕ್ಕಿದ್ರೆ ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸ್ಲೇಬೇಕು, ತಹಸೀಲ್ದಾರರ ಕಚೇರಿ ಮೂಲಕ ಹೋಗಬಹುದು. ಸಿಕ್ಕಿದ ಜಾಗ, ಆಳ, ಸುತ್ತಲಿನ ಮಣ್ಣು ಎಲ್ಲಾ ಹಾಗೇ ಬಿಟ್ರೆ ಮಾತ್ರ ಅದರ ಕಾಲ ಹೇಳೋಕಾಗೋದು.

ಎಲ್ಲಾ ಮುಗಿದ ಮೇಲೆ ಫೋಟೋ, ಮನೆಯವರು ಹೇಳಿದ್ದು, ಯುವಿ ಚಿತ್ರ, ಲ್ಯಾಬ್ ರಿಪೋರ್ಟ್, ನೋಂದಣಿ ಪತ್ರ ಎಲ್ಲಾನೂ ಒಂದು ಫೈಲಲ್ಲಿ ಹಾಕಿ, ಒಂದು ಕಾಪಿ ಮನೇಲಿ ಇನ್ನೊಬ್ರ ಹತ್ರ ಕೊಡಿ. ರಿಪೋರ್ಟನ್ನ ಚಿತ್ರದ ಹಿಂದೆ ಅಂಟಿಸ್ಬೇಡಿ, ಅಂಟಿನ ಆಮ್ಲ ಕಾಗದಕ್ಕೆ ಇಳಿಯುತ್ತೆ. ಸ್ಯಾಂಪಲ್ಲಲ್ಲಿ ಉಳಿದ ಚೂರಿದ್ರೆ ವಾಪಸ್ ಕೇಳಿ ತಗೊಂಡು, ಚೀಟಿ ಬರೆದು ಅದನ್ನೂ ಫೈಲ್ ಜೊತೆ ಇಡಿ, ಮುಂದೆ ಇನ್ನೂ ಒಳ್ಳೇ ಯಂತ್ರ ಬಂದಾಗ ಚಿತ್ರವನ್ನ ಮತ್ತೆ ಕೆರೆಯೋದು ತಪ್ಪುತ್ತೆ.